ತಡೆದು ಓಡುವ ವಿದ್ಯೆ

ದೂರದ ಹಾದಿಯನ್ನು ಕಾಲ್ನಡಿಗೆಯಲ್ಲಿ ಕ್ರಮಿಸುವುದು ನಮ್ಮ ಭಾಗದ ಸದ್ಭಕ್ತರಿಗೆ ಹೊಸದಲ್ಲ. ಯುಗಾದಿ ಸಮೀಪಿಸುತ್ತಿದ್ದಂತೆ ಶ್ರೀಶೈಲ ಮಲ್ಲಿಕಾರ್ಜುನನ ದರ್ಶನಕ್ಕೆಂದು ಉತ್ತರ ಕರ್ನಾಟಕದ ಊರೂರುಗಳಿಂದ ಕಂಬಿ ಹೊತ್ತು ಹೊರಡುವ ಪಾದಯಾತ್ರಿಗಳು ನೂರಾರು ಕಿಲೋಮೀಟರುಗಳನ್ನು ನಡೆದೇ ಮುಗಿಸುತ್ತಾರೆ. ಮೊದಲ ದಿನವೇ ಆವೇಶದಿಂದ ದಾಪುಗಾಲು ಹಾಕಿದವರು ಮೂರನೆಯ ದಿನಕ್ಕೆ ಪಾದದ ಬೊಬ್ಬೆಗಳೊಡನೆ ಗಾಡಿ ಏರುವುದನ್ನೂ, ಹಿರಿಯರ ಹೆಜ್ಜೆಯನ್ನು ಹಿಡಿದವರು ಕ್ಷೇತ್ರವನ್ನು ಮುಟ್ಟುವುದನ್ನೂ ಆ ಹಾದಿಯಲ್ಲಿ ನಡೆದವರು ಬಲ್ಲರು.

ಇತ್ತೀಚಿನ ವರ್ಷಗಳಲ್ಲಿ ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ದೂರದ ಓಟದ ಹವ್ಯಾಸವೂ ಬೆಳೆಯುತ್ತಿದೆ. ಬೆಳಗಿನ ಜಾವ ತೋಳನಕೆರೆ, ಉಣಕಲ್ ಕೆರೆ, ನೃಪತುಂಗ ಬೆಟ್ಟ, ಕರ್ನಾಟಕ ಕಾಲೇಜಿನ ಮೈದಾನ ಮುಂತಾದೆಡೆ ನಡೆಯುವವರ ನಡುವೆ ಓಡುವವರೂ ಕಾಣುತ್ತಾರೆ. “ಐವತ್ತು ದಾಟಿದವರು ಇಷ್ಟು ದೂರ ಓಡಬಹುದೇ? ಇದು ಆರೋಗ್ಯವೋ, ಹುಚ್ಚೋ?” ಎಂದು ಅನೇಕರು ನಮ್ಮನ್ನು ಕೇಳಿದ್ದುಂಟು. ನಾವು ಐವರು ಗೆಳೆಯರು, ನಲವತ್ತೈದರಿಂದ ಅರವತ್ತೊಂದರ ವಯಸ್ಸಿನವರು. ನಮ್ಮಲ್ಲಿ ಯಾರೂ ಕ್ರೀಡಾಪಟುಗಳಲ್ಲ. ನಾಲ್ಕು ತಿಂಗಳ ಸಿದ್ಧತೆಯ ಬಳಿಕ ಒಂದು ಚಳಿಗಾಲದ ಭಾನುವಾರ ಅರ್ಧ ಮ್ಯಾರಥಾನ್ ಸ್ಪರ್ಧೆಯಲ್ಲಿ ಓಡಿದೆವು. ಆ ಅನುಭವವನ್ನೂ ಅದರ ಹಿಂದಿರುವ ದೇಹಧರ್ಮವನ್ನೂ ಇಲ್ಲಿ ನಿವೇದಿಸುತ್ತೇವೆ.

ದೂರದ ಲೆಕ್ಕ

ಪೂರ್ಣ ಮ್ಯಾರಥಾನಿನ ದೂರ 42.195 ಕಿ.ಮೀ. ಇದು 1908ರ ಲಂಡನ್ ಒಲಿಂಪಿಕ್ ಕೂಟದ ಓಟದ ಹಾದಿಯಿಂದ ಬಂದ ಅಳತೆ. 1921ರಲ್ಲಿ ಇದನ್ನೇ ಅಧಿಕೃತ ದೂರವೆಂದು ನಿಗದಿಗೊಳಿಸಲಾಯಿತು. ಅದರ ಅರ್ಧ 21.0975 ಕಿ.ಮೀ. ಹುಬ್ಬಳ್ಳಿಯ ಚನ್ನಮ್ಮ ವೃತ್ತದಿಂದ ಧಾರವಾಡದ ಜುಬಿಲಿ ವೃತ್ತಕ್ಕೆ ಸುಮಾರು 20 ಕಿ.ಮೀ. ಆಗುತ್ತದೆ. ಆದುದರಿಂದ ಅರ್ಧ ಮ್ಯಾರಥಾನ್ ಎಂದರೆ ಒಂದು ಊರಿನಿಂದ ಇನ್ನೊಂದು ಊರಿಗೆ ಓಡಿ, ಅದರ ಮೇಲೆ ಇನ್ನೂ ಸ್ವಲ್ಪ ಓಡುವುದು ಎಂದು ಅವಳಿ ನಗರದವರು ಸುಲಭವಾಗಿ ಗ್ರಹಿಸಬಹುದು.

ದೂರದ ಓಟ ನಮ್ಮ ಸೀಮೆಗೆ ಅಪರಿಚಿತವೇನೂ ಅಲ್ಲ. 1920ರ ಆಂಟ್‌ವರ್ಪ್ ಒಲಿಂಪಿಕ್ ಕೂಟದ ಮ್ಯಾರಥಾನಿನಲ್ಲಿ ಭಾರತದ ಪರವಾಗಿ ಓಡಿದ ಫಡೆಪ್ಪ ಚೌಗುಲೆಯವರು ಬೆಳಗಾವಿ ಸೀಮೆಯವರು. ಅಂದಿನ ಹಾದಿ ಇಂದಿನ ಅಳತೆಗಿಂತಲೂ ಉದ್ದವಾಗಿದ್ದು, 42.750 ಕಿ.ಮೀ. ಇತ್ತು. ಅದನ್ನು ಅವರು 2 ಗಂಟೆ 50 ನಿಮಿಷಗಳಲ್ಲಿ ಪೂರೈಸಿ 19ನೆಯವರಾಗಿ ಬಂದರು. ನಮ್ಮಂತಹ ಹವ್ಯಾಸಿಗಳಿಗೆ ಅದರ ಅರ್ಧ ದೂರಕ್ಕೇ ಅಷ್ಟು ಸಮಯ ಬೇಕು.

ಸಿದ್ಧತೆ

ಓಟಕ್ಕೆ ಮೊದಲು ನಾವು ಮಾಡಿಸಿಕೊಂಡದ್ದು ವೈದ್ಯಕೀಯ ತಪಾಸಣೆ. ರಕ್ತದೊತ್ತಡ, ರಕ್ತದ ಸಕ್ಕರೆ, ಕೊಬ್ಬಿನಾಂಶ, ಇಸಿಜಿ ಇವೆಲ್ಲ ಆದವು. ಅನಂತರ ಹದಿನಾರು ವಾರಗಳ ಕ್ರಮವನ್ನು ಹಾಕಿಕೊಂಡೆವು. ಮೊದಲ ತಿಂಗಳು ನಾಲ್ಕು ನಿಮಿಷ ನಡಿಗೆ, ಎರಡು ನಿಮಿಷ ಓಟ. ಕ್ರಮೇಣ ಓಟದ ಪಾಲನ್ನು ಹೆಚ್ಚಿಸಿ, ವಾರಕ್ಕೆ ನಾಲ್ಕು ದಿನ ಮಾತ್ರ ಓಡಿ, ಉಳಿದ ದಿನಗಳನ್ನು ವಿಶ್ರಾಂತಿಗೂ ಹಗುರ ನಡಿಗೆಗೂ ಬಿಟ್ಟೆವು. ಭಾನುವಾರದ ದೀರ್ಘ ಓಟ 6 ಕಿಲೋಮೀಟರಿನಿಂದ ಆರಂಭವಾಗಿ ಹದಿನಾಲ್ಕನೆಯ ವಾರಕ್ಕೆ 18 ಕಿ.ಮೀ. ಮುಟ್ಟಿತು. ಪ್ರತಿ ನಾಲ್ಕನೆಯ ವಾರ ದೂರವನ್ನು ತಗ್ಗಿಸುತ್ತಿದ್ದೆವು. ಕೊನೆಯ ಎರಡು ವಾರಗಳಲ್ಲಿ ಅದನ್ನು ಅರ್ಧಕ್ಕಿಂತ ಕಡಿಮೆಗೆ ಇಳಿಸಿದೆವು.

ಈ ನಿಧಾನಕ್ಕೆ ಕಾರಣವಿದೆ. ಹೃದಯ ಮತ್ತು ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಶ್ರಮಕ್ಕೆ ಒಗ್ಗುತ್ತವೆ. ಸ್ನಾಯುರಜ್ಜು, ಕೀಲು, ಎಲುಬುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಉಸಿರು ಸಾಲುತ್ತಿದೆಯೆಂದು ದೂರವನ್ನು ಒಮ್ಮೆಲೇ ಏರಿಸಿದವರಿಗೆ ಮೊಣಕಾಲು, ಹಿಮ್ಮಡಿ, ಮುಂಗಾಲಿನ ಎಲುಬು ನೋಯುವುದು ಇದರಿಂದಲೇ. ವೇಗಕ್ಕೆ ನಾವು ಇಟ್ಟುಕೊಂಡ ಅಳತೆ ಮಾತು. ಜೊತೆಯವರೊಡನೆ ಪೂರ್ಣ ವಾಕ್ಯದಲ್ಲಿ ಮಾತನಾಡುತ್ತ ಓಡಲು ಸಾಧ್ಯವಾದರೆ ಅದು ಸರಿಯಾದ ವೇಗ. ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದು ಅರ್ಥ.

ದೇಹದ ಬುತ್ತಿ

ಓಡುವಾಗ ದೇಹವು ಎರಡು ಬುತ್ತಿಗಳನ್ನು ಬಿಚ್ಚುತ್ತದೆ. ಒಂದು ಕೊಬ್ಬು, ಅದು ತೆಳ್ಳಗಿನವರಲ್ಲಿಯೂ ಧಾರಾಳವಾಗಿರುತ್ತದೆ, ಆದರೆ ನಿಧಾನವಾಗಿ ಉರಿಯುತ್ತದೆ. ಇನ್ನೊಂದು ಗ್ಲೈಕೋಜನ್, ಅಂದರೆ ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಕೂಡಿಟ್ಟ ಸಕ್ಕರೆಯ ಸಂಗ್ರಹ. ಅದು ಬೇಗ ಉರಿಯುತ್ತದೆ, ಆದರೆ ಮಿತವಾಗಿದೆ. ಓಟಕ್ಕೆ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ, ಪ್ರತಿ ಕಿಲೋಮೀಟರಿಗೆ ಸುಮಾರು 1 ಕಿಲೋ ಕ್ಯಾಲೊರಿ ವೆಚ್ಚವಾಗುತ್ತದೆ. 65 ಕಿಲೋ ತೂಕದವರಿಗೆ ಅರ್ಧ ಮ್ಯಾರಥಾನಿನಲ್ಲಿ ಸುಮಾರು 1,400 ಕಿಲೋ ಕ್ಯಾಲೊರಿ. ನಿಧಾನವಾಗಿ ಓಡಿದಾಗ ಇದರಲ್ಲಿ ಕೊಬ್ಬಿನ ಪಾಲು ಹೆಚ್ಚು. ವೇಗ ಏರಿದಂತೆಲ್ಲ ಗ್ಲೈಕೋಜನ್ನಿನ ಪಾಲು ಏರುತ್ತದೆ. ಆರಂಭದಲ್ಲಿಯೇ ಹುರುಪಿನಿಂದ ಓಡಿದವರು ಮಿತವಾದ ಬುತ್ತಿಯನ್ನು ಮೊದಲೇ ಉಂಡು ಮುಗಿಸಿ, ಕೊನೆಯಲ್ಲಿ ಕಾಲೆಳೆಯುತ್ತಾರೆ.

ಇನ್ನೊಂದು ಸಂಗತಿ ಬಿಸಿ. ಓಟದಲ್ಲಿ ಖರ್ಚಾಗುವ ಶಕ್ತಿಯ ಸುಮಾರು ಕಾಲು ಭಾಗ ಮಾತ್ರ ಚಲನೆಗೆ ಸಲ್ಲುತ್ತದೆ, ಉಳಿದುದೆಲ್ಲ ಶಾಖವಾಗುತ್ತದೆ. ಅದನ್ನು ಹೊರಹಾಕುವುದು ಬೆವರಿನ ಕಾಯಕ. ನಸುಕಿನ ತಂಪಿನಲ್ಲಿ ಇದು ಸುಲಭ. ಬಿಸಿಲೇರಿದಂತೆ ಚರ್ಮಕ್ಕೂ ಸ್ನಾಯುಗಳಿಗೂ ಏಕಕಾಲಕ್ಕೆ ರಕ್ತವನ್ನು ಒದಗಿಸಬೇಕಾಗಿ ಹೃದಯದ ಹೊರೆ ಹೆಚ್ಚುತ್ತದೆ.

ಹಾದಿಯ ಅನುಭವ

ಹಿಂದಿನ ರಾತ್ರಿ ಅನ್ನ, ತಿಳಿಸಾರು, ಸ್ವಲ್ಪ ಮೊಸರನ್ನು ಸೇವಿಸಿದೆವು. ನಾರಿನಂಶ ಹೆಚ್ಚಿರುವ ಪಲ್ಯ, ಕಾಳುಗಳನ್ನು ಅಂದು ಬಿಟ್ಟೆವು. ಓಟಕ್ಕೆ ಎರಡು ಗಂಟೆ ಮೊದಲು ಬಾಳೆಹಣ್ಣು ಮತ್ತು ನೀರು. ಅಭ್ಯಾಸದ ದಿನಗಳಲ್ಲಿ ತಿನ್ನದೆ ಇದ್ದುದನ್ನು ಸ್ಪರ್ಧೆಯ ದಿನ ತಿನ್ನಬಾರದು, ಹೊಸ ಬೂಟನ್ನು ಅಂದೇ ಹಾಕಬಾರದು ಎಂಬುದು ನಮ್ಮ ನಿಯಮವಾಗಿತ್ತು.

ಹುಬ್ಬಳ್ಳಿಯಲ್ಲಿ ಬೆಳಕು ಮೂಡುವ ಮುನ್ನವೇ ಓಟ ಆರಂಭವಾಯಿತು. ವಾದ್ಯದ ಸದ್ದು, ಜನರ ಕೇಕೆ, ಸುತ್ತಲಿನ ತರುಣರ ವೇಗ ಇವೆಲ್ಲ ಕಾಲನ್ನು ತಾವೇ ಎಳೆದೊಯ್ಯುತ್ತವೆ. ಹೊಸೂರು, ವಿದ್ಯಾನಗರ ದಾಟಿ ಉಣಕಲ್ಲಿಗೆ ಬರುವಷ್ಟರಲ್ಲಿ ನೂರಾರು ಮಂದಿ ನಮ್ಮನ್ನು ಹಿಂದೆ ಹಾಕಿ ಹೋದರು. ನಾವು ಕಿಲೋಮೀಟರಿಗೆ ಎಂಟು ನಿಮಿಷದ ನಮ್ಮ ಗತಿಯನ್ನು ಬಿಡಲಿಲ್ಲ. ದೇಹ ತಾಜಾ ಇರುವಾಗ ತಡೆದು ಓಡುವುದು ದಣಿದಾಗ ಓಡುವುದಕ್ಕಿಂತ ಕಠಿಣವೆಂಬುದು ಅಲ್ಲಿ ಅನುಭವಕ್ಕೆ ಬಂತು.

ಭೈರಿದೇವರಕೊಪ್ಪ, ನವನಗರಗಳ ನಡುವೆ ಉಸಿರು ಒಂದು ಲಯಕ್ಕೆ ಕುಳಿತಿತು. ರಾಯಾಪುರದ ಸುಮಾರಿಗೆ ಅರ್ಧ ಹಾದಿ ಸರಿಯಿತು. ಚಿಗರಿ ಬಸ್ಸಿನಲ್ಲಿ ಕುಳಿತು ಹೋಗುವಾಗ ಈ ರಸ್ತೆ ಸಮತಟ್ಟಾಗಿ ತೋರುತ್ತದೆ. ಆದರೆ ಧಾರವಾಡವು ಹುಬ್ಬಳ್ಳಿಗಿಂತ ಎತ್ತರದಲ್ಲಿದೆ. ಕಣ್ಣಿಗೆ ಕಾಣದ ಆ ಏರು ಕಾಲಿಗೆ ಕಾಣುತ್ತದೆ. ಏರಿನಲ್ಲಿ ಹೆಜ್ಜೆಯನ್ನು ಚಿಕ್ಕದು ಮಾಡಿ, ವೇಗ ತಗ್ಗಿದರೂ ಉಸಿರು ಏರದಂತೆ ನೋಡಿಕೊಂಡೆವು. ಮೊದಲು ನಮ್ಮನ್ನು ದಾಟಿ ಹೋಗಿದ್ದ ಹಲವರು ಇಲ್ಲಿ ರಸ್ತೆಯ ಬದಿಗೆ ನಡೆಯುತ್ತಿದ್ದರು.

ಮಾಸ್ತರರು ನಿಂತುದು

ಸತ್ತೂರು ಸಮೀಪಿಸುತ್ತಿದ್ದಾಗ ನಮ್ಮ ಐವರಲ್ಲಿ ಹಿರಿಯರಾದ ನಿವೃತ್ತ ಮಾಸ್ತರರು ಮಾತನ್ನು ನಿಲ್ಲಿಸಿದರು. ದಾರಿಯುದ್ದಕ್ಕೂ ಮಾತನಾಡುತ್ತ ಬಂದವರು ಮೌನವಾದುದನ್ನು ಕಂಡು ವಿಚಾರಿಸಿದೆವು. ಎದೆಯಲ್ಲಿ ಏನೋ ಬಿಗಿದಂತಾಗುತ್ತಿದೆ, ಎಡ ದವಡೆ ಜೋಮು ಹಿಡಿದಂತಿದೆ ಎಂದರು. ಮುಖದಲ್ಲಿ ತಣ್ಣನೆಯ ಬೆವರು. “ಗ್ಯಾಸ್ ಇರಬೇಕ್ರಿ. ಇನ್ನೇನ್ ಏಳೆಂಟ ಕಿಲೋಮೀಟರ್ ಐತಿ, ಮುಗಿಸೇ ಬಿಡೂಣು” ಎಂಬುದು ಅವರ ಒತ್ತಾಯ. ನಾಲ್ಕು ತಿಂಗಳ ಶ್ರಮ, ಕೊನೆಯಲ್ಲಿ ಕಾದಿರುವ ಮೊಮ್ಮಕ್ಕಳು, ಕೊರಳಿಗೆ ಬೀಳಬೇಕಾದ ಪದಕ ಇವೆಲ್ಲ ಆ ಮಾತಿನಲ್ಲಿದ್ದವು.

“ಮಾಸ್ತರರೇ, ಪದಕ ಮುಂದಿನ ವರ್ಷವೂ ಸಿಗುತ್ತದೆ” ಎಂದು ಅವರನ್ನು ರಸ್ತೆಯ ಬದಿಯ ಕಟ್ಟೆಯ ಮೇಲೆ ಕೂರಿಸಿದೆವು. ಸ್ವಯಂಸೇವಕರು ಆಂಬ್ಯುಲೆನ್ಸ್ ಕರೆಸಿದರು. ಅದು ಬರುವವರೆಗಿನ ಒಂಬತ್ತು ನಿಮಿಷ ನಾವು ನಾಲ್ವರೂ ಅಲ್ಲಿಯೇ ನಿಂತೆವು. ಒಬ್ಬರು ಅವರೊಡನೆ ಆಸ್ಪತ್ರೆಗೆ ಹೋದರು. ಉಳಿದ ಮೂವರು, ನಿಂತು ಬಿಗಿದುಹೋಗಿದ್ದ ಕಾಲುಗಳನ್ನು ಸಡಿಲಿಸಲು ಸ್ವಲ್ಪ ದೂರ ನಡೆದು, ಮತ್ತೆ ಓಟಕ್ಕಿಳಿದೆವು.

ನವಲೂರಿನ ಏರು, ವಿದ್ಯಾಗಿರಿ, ಟೋಲ್ ನಾಕಾ ಇವುಗಳನ್ನು ದಾಟಿದ್ದು ಬಹುಪಾಲು ಮೌನದಲ್ಲಿ. ಹದಿನೆಂಟನೆಯ ಕಿಲೋಮೀಟರಿನ ನಂತರ ತೊಡೆಗಳು ಕಲ್ಲಿನಂತೆ ಭಾರವಾದವು. ದೂರವನ್ನು ಎಣಿಸದೆ ಮುಂದಿನ ದೀಪದ ಕಂಬವನ್ನಷ್ಟೇ ಗುರಿಯಾಗಿಸಿಕೊಂಡು ಸಾಗಿದೆವು. ಮೂರು ಗಂಟೆ ಏಳು ನಿಮಿಷಗಳಿಗೆ ಓಟ ಮುಗಿಯಿತು. ಪದಕ ಕೊರಳಿಗೆ ಬಿದ್ದಾಗ ನಮ್ಮ ಕೈ ಮೊದಲು ಹೋದದ್ದು ಮೊಬೈಲಿಗೆ. ಮಾಸ್ತರರು ಸುರಕ್ಷಿತವಾಗಿದ್ದಾರೆ ಎಂಬ ಸುದ್ದಿ ಬಂದ ಮೇಲೆಯೇ ಕುಳಿತು ನೀರು ಕುಡಿದೆವು.

ಪರೀಕ್ಷೆಯಲ್ಲಿ ಅವರ ಹೃದಯದ ಒಂದು ರಕ್ತನಾಳ ಬಹಳ ಕಿರಿದಾಗಿರುವುದು ತಿಳಿಯಿತು. ಸ್ಟೆಂಟ್ ಹಾಕಿದರು. ಅಂತಹ ಸ್ಥಿತಿಯಲ್ಲಿ ಏಳೆಂಟು ಕಿಲೋಮೀಟರ್ ಏರುಹಾದಿಯನ್ನು ಓಡಿದ್ದರೆ ಏನಾಗುತ್ತಿತ್ತೆಂದು ಹೇಳಲಾಗದು ಎಂದರು ವೈದ್ಯರು. ಓಟವೇ ಈ ಕಾಯಿಲೆಯನ್ನು ತಂದಿತೇ ಎಂದು ಮನೆಯವರು ಕೇಳಿದಾಗ ಅವರು ವಿವರಿಸಿದ್ದು ಹೀಗೆ: ನಾಳ ಕಿರಿದಾಗುವುದು ವರ್ಷಗಳ ಕ್ರಿಯೆ, ಶ್ರಮವು ಅದನ್ನು ಹೊರಗೆ ತೋರಿಸಿತು. ನಿಯಮಿತ ವ್ಯಾಯಾಮ ದೀರ್ಘಕಾಲದಲ್ಲಿ ಹೃದಯಾಘಾತದ ಸಾಧ್ಯತೆಯನ್ನು ತಗ್ಗಿಸುತ್ತದೆ, ಆದರೆ ಕಠಿಣ ಶ್ರಮದ ಆ ಹೊತ್ತಿನಲ್ಲಿ ರೋಗವಿರುವ ಹೃದಯಕ್ಕೆ ಅಪಾಯ ಹೆಚ್ಚುತ್ತದೆ. ಮಾಸ್ತರರ ಇಸಿಜಿ ಮೊದಲು ಸಹಜವಾಗಿಯೇ ಇತ್ತು. ಮಲಗಿದ್ದಾಗ ತೆಗೆದ ಇಸಿಜಿ ಸರಿಯಿದ್ದ ಮಾತ್ರಕ್ಕೆ ರಕ್ತನಾಳಗಳು ಶುದ್ಧವಾಗಿವೆಯೆಂದು ತಿಳಿಯಬಾರದು. ದೇಹವೇ ಕೊಡುವ ಸೂಚನೆಯನ್ನು ಯಾವ ವರದಿಯೂ ಅಳಿಸಲಾರದು.

ಸದ್ಭಕ್ತರು ಗಮನಿಸಬೇಕಾದುದು

ಓಟಕ್ಕಾಗಲಿ ಪಾದಯಾತ್ರೆಗಾಗಲಿ ಹೊರಡುವವರು ಕೆಲವು ವಿಷಯಗಳನ್ನು ಮನದಟ್ಟು ಮಾಡಿಕೊಳ್ಳಬೇಕು. ನಲವತ್ತು ದಾಟಿದವರು, ಮಧುಮೇಹ, ರಕ್ತದೊತ್ತಡ ಅಥವಾ ತಂಬಾಕಿನ ಅಭ್ಯಾಸ ಇರುವವರು, ಮನೆತನದಲ್ಲಿ ಹೃದಯರೋಗವುಳ್ಳವರು ವೈದ್ಯರನ್ನು ಕಂಡು, ಶ್ರಮದ ವೇಳೆ ಹೃದಯವನ್ನು ನೋಡುವ ಟ್ರೆಡ್‌ಮಿಲ್ ಪರೀಕ್ಷೆ ತಮಗೆ ಅಗತ್ಯವೇ ಎಂದು ಕೇಳಿ ತಿಳಿಯಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ದೀರ್ಘ ಶ್ರಮದಲ್ಲಿ ಸಕ್ಕರೆ ಅತಿಯಾಗಿ ಕುಸಿಯಬಹುದು. ಅವರು ಔಷಧದ ಪ್ರಮಾಣದ ಬಗ್ಗೆ ಮೊದಲೇ ವೈದ್ಯರ ಸಲಹೆ ಪಡೆದು, ಜೇಬಿನಲ್ಲಿ ಸಕ್ಕರೆ ಇಟ್ಟುಕೊಂಡು, ಜೊತೆಗಾರರೊಡನೆಯೇ ಹೊರಡಬೇಕು.

ನೋವು ಬಾರದಿರಲೆಂದು ಓಟಕ್ಕೆ ಮುಂಚೆ ನೋವುನಿವಾರಕ ಮಾತ್ರೆ ನುಂಗುವುದು ತರವಲ್ಲ. ಬೆವರಿ ನೀರಿನಂಶ ತಗ್ಗಿದಾಗ ಐಬುಪ್ರೊಫೇನ್‌ನಂತಹ ಮಾತ್ರೆಗಳು ಮೂತ್ರಪಿಂಡಕ್ಕೆ ಹಾನಿ ತರಬಲ್ಲವು. ಎಚ್ಚರಿಕೆಯ ನೋವನ್ನೂ ಮರೆಮಾಡುತ್ತವೆ. ನೀರನ್ನು ಬಾಯಾರಿಕೆಗೆ ತಕ್ಕಂತೆ ಕುಡಿಯಬೇಕು. ಅತಿಯಾಗಿ ಬರಿಯ ನೀರನ್ನೇ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಗೊಂದಲ ಉಂಟಾಗಬಹುದು. ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದ ಪಾನಕ ಬಹಳ ಬೆವರುವವರಿಗೆ ಒಳ್ಳೆಯದು. ರಕ್ತದೊತ್ತಡಕ್ಕಾಗಿ ಉಪ್ಪಿನ ಪಥ್ಯದಲ್ಲಿರುವವರು ಮತ್ತು ಮಧುಮೇಹಿಗಳು ಇದನ್ನೂ ವೈದ್ಯರನ್ನು ಕೇಳಿಯೇ ಬಳಸಬೇಕು.

ಎದೆಬಿಗಿತ, ದವಡೆ ಅಥವಾ ತೋಳಿಗೆ ಹರಡುವ ನೋವು, ತಣ್ಣನೆಯ ಬೆವರು, ತಲೆಸುತ್ತು, ಅಸಹಜವಾದ ಏದುಸಿರು ಇವುಗಳಲ್ಲಿ ಒಂದು ಕಂಡರೂ ಕೂಡಲೆ ನಿಂತು 108ಕ್ಕೆ ಕರೆ ಮಾಡಬೇಕು. ಅಜೀರ್ಣವೆಂದು ಊಹಿಸಿ ಮುಂದುವರಿಯಬಾರದು. ಯಾರಾದರೂ ಕುಸಿದು ಬಿದ್ದು, ಕರೆದರೂ ಓಗೊಡದೆ, ಸಹಜವಾಗಿ ಉಸಿರಾಡದಿದ್ದರೆ, ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂ.ಮೀ. ಆಳಕ್ಕೆ, ನೆರವು ಬರುವವರೆಗೆ ಒತ್ತುತ್ತಿರಬೇಕು. ಮಠದ ತರುಣ ಬಳಗಗಳು ಇದನ್ನು ತಜ್ಞರಿಂದ ಕಲಿತುಕೊಂಡರೆ ಜಾತ್ರೆ, ಉತ್ಸವಗಳಲ್ಲಿಯೂ ಪ್ರಯೋಜನಕ್ಕೆ ಬಂದೀತು.

ಎಲ್ಲರೂ ಅರ್ಧ ಮ್ಯಾರಥಾನ್ ಓಡಬೇಕೆಂದು ನಾವು ಹೇಳುತ್ತಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷಗಳ ಬಿರುಸಾದ ನಡಿಗೆಯಷ್ಟು ಶ್ರಮ ವಯಸ್ಕರಿಗೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ನಡೆದರೆ ಅದು ಪೂರ್ಣವಾಗುತ್ತದೆ. ಓಡುವ ಮನಸ್ಸುಳ್ಳವರು ಓಡಲಿ. ತರುಣರ ನಡುವೆ ತಮ್ಮ ಗತಿಯನ್ನು ತಡೆದು ಓಡಲಿ, ದೇಹ ಬೇಡವೆಂದಾಗ ಕೊನೆಯ ಗೆರೆ ಕಣ್ಣೆದುರಿದ್ದರೂ ನಿಲ್ಲಲಿ. ಮಾಸ್ತರರು ಈಗ ವೈದ್ಯರ ಅಪ್ಪಣೆಯಂತೆ ದಿನವೂ ಕರ್ನಾಟಕ ಕಾಲೇಜಿನ ಮೈದಾನದಲ್ಲಿ ನಾಲ್ಕು ಕಿಲೋಮೀಟರ್ ನಡೆಯುತ್ತಾರೆ. ಅವರ ನಡಿಗೆಯ ವೇಗಕ್ಕೆ ನಾವು ನಮ್ಮ ವೇಗವನ್ನು ಹೊಂದಿಸಿಕೊಂಡಿದ್ದೇವೆ.