ಅಮಾವಾಸ್ಯೆ ದಿನ ಬ್ರೇಕ್ ಒತ್ತಿ ನೋಡು, ತಮ್ಮಾ



ಹಳೇ ಕಾರು ಕೊಂಡು ಉಮದಿಯಿಂದ ವಿಜಾಪುರಕ್ಕೆ ಬಾಡಿಗೆ ಹೊಡೆಯಲು ಶುರು ಮಾಡಿದ್ದೀ ಅಂತ ಗೊತ್ತಾಯಿತು. ಸಂತೋಷ. ಗಾಡಿಯ ಜೊತೆ ಬಂದ ಪುಸ್ತಕ ಇಂಗ್ಲಿಷಿನದು, ಜತ್ತದ ಗ್ಯಾರೇಜಿನಲ್ಲಿ ಮಾತು ಮರಾಠಿ, ನೀನು ಓದಿದ್ದು ನಮ್ಮೂರ ಕನ್ನಡ ಶಾಲೆಯಲ್ಲಿ. ಅದಕ್ಕೇ ಬ್ರೇಕಿನ ಸಂಗತಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿನ್ನಂಥ ಹುಡುಗರು ಜತ್ತ ತಾಲೂಕಿನ ಊರೂರಲ್ಲಿ ಇದ್ದಾರೆ, ಅವರೂ ಓದಲಿ.

ಮೊದಲು ನನ್ನ ತಪ್ಪು ಹೇಳುತ್ತೇನೆ. ನಾನು ಜೀಪು ಹೊಡೆಯುತ್ತಿದ್ದಾಗ ಅದರ ಪೆಡಲ್ ದಿನಕ್ಕೆ ಕೂದಲೆಳೆಯಷ್ಟು ಕೆಳಗೆ ಇಳಿಯುತ್ತಿತ್ತು. ನನ್ನ ಕಾಲೂ ಅಷ್ಟಷ್ಟೇ ಅದಕ್ಕೆ ಒಗ್ಗುತ್ತ ಹೋಯಿತು. ಎರಡು ಸಲ ಪಂಪ್ ಮಾಡಿ ನಿಲ್ಲಿಸುವುದೇ ರೂಢಿಯಾಗಿಬಿಟ್ಟಿತು. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರಕ್ಕೆ ಜನರನ್ನು ಬಿಡಲು ಹೊರಟಾಗ ಸಂಖದ ಹತ್ತಿರ ಇನ್ನೊಬ್ಬ ಡ್ರೈವರ್ ಸ್ಟೇರಿಂಗ್ ಹಿಡಿದ. ನೂರು ಮಾರು ಹೋಗಿದ್ದನೋ ಇಲ್ಲವೋ, ಬದಿಗೆ ನಿಲ್ಲಿಸಿ ಇಳಿದೇಬಿಟ್ಟ. "ಅಣ್ಣಾ, ಇದಕ್ಕ ಬ್ರೇಕೇ ಇಲ್ಲಲ್ಲೋ!" ಅಂದ. ರಸ್ತೆ ತುಂಬ ಗುಡ್ಡಾಪುರದ ದಾನಮ್ಮದೇವಿಯ ದರ್ಶನಕ್ಕೆ ನಡೆದು ಹೊರಟ ಜನ. ಹೆಗಲ ಮೇಲೆ ಕೂಸು ಹೊತ್ತವರು, ಬರಿಗಾಲಿನ ಮುದುಕಿಯರು. ಅವರ ನಡುವೆ ನಾನು ಆ ಜೀಪು ತಂದಿದ್ದೆ. ಇಂದಿಗೂ ನೆನೆದರೆ ಮೈ ನಡುಗುತ್ತದೆ.

ದಿನಾ ಓಡಿಸುವವನಿಗೆ ತನ್ನ ಗಾಡಿಯ ದೋಷ ಕಾಲಿಗೆ ತಿಳಿಯುವುದಿಲ್ಲ. ಆದ್ದರಿಂದ ಪರೀಕ್ಷೆಗೆ ಒಂದು ದಿನ ಗೊತ್ತು ಮಾಡಿಕೋ. ಹೇಗೂ ನಾವು ಅಮಾವಾಸ್ಯೆಗೆ ಗಾಡಿ ತೊಳೆದು, ಕಾಯಿ ಒಡೆದು, ಗಾಲಿಯ ಕೆಳಗೆ ಲಿಂಬಿಹಣ್ಣು ಇಡುತ್ತೇವೆ. ಅದಕ್ಕೂ ಮುಂಚಿನ ಅರ್ಧ ತಾಸು ಬ್ರೇಕಿಗೆ ಕೊಡು.

ಇಂಜಿನ್ ಬಂದ್ ಇರುವಾಗ ಪೆಡಲನ್ನು ಐದಾರು ಸಲ ಒತ್ತು, ಗಟ್ಟಿಯಾಗುತ್ತದೆ. ಒತ್ತಿ ಹಿಡಿದುಕೊಂಡೇ ಇಂಜಿನ್ ಚಾಲೂ ಮಾಡು. ಪೆಡಲ್ ಕಾಲ ಕೆಳಗೆ ತುಸು ಇಳಿಯಬೇಕು. ಇಳಿಯದಿದ್ದರೆ ಪೆಡಲಿಗೆ ಬಲ ಕೂಡಿಸುವ ಬೂಸ್ಟರ್ ಇಲ್ಲವೇ ಅದರ ಪೈಪು ಕೆಟ್ಟಿದೆ. ಹಾಗೇ ಒಂದು ನಿಮಿಷ ಒತ್ತಿ ಹಿಡಿ. ಮೆಲ್ಲಗೆ ತಳಕ್ಕೆ ಜಾರುತ್ತ ಹೋದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ರಬ್ಬರ್ ಸವೆದಿದೆ. ಸ್ಪಂಜಿನಂತೆ ಮೆತ್ತಗಿದ್ದರೆ ಬ್ರೇಕ್ ಆಯಿಲಿನ ಪೈಪಿನಲ್ಲಿ ಗಾಳಿ ಸೇರಿದೆ. ಇನ್ನೊಂದು ಮಾತು: ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಇಂಜಿನ್ ಬಂದ್ ಮಾಡುವ ಚಟ ನಮ್ಮಲ್ಲಿ ಹಲವರಿಗಿದೆ. ಹಾಗೆ ಮಾಡಿದರೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಬೂಸ್ಟರಿನ ಬಲ ಮುಗಿದು ಪೆಡಲ್ ಕಲ್ಲಾಗುತ್ತದೆ. ನೀನು ಅದನ್ನು ಎಂದಿಗೂ ಮಾಡಬೇಡ.

ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿ ನೋಡು. ಪ್ಯಾಡ್ ಸವೆದಂತೆ ಮಟ್ಟ ಸ್ವಲ್ಪ ಇಳಿಯುವುದು ಸಹಜ. ಮೇಲಿಂದ ಮೇಲೆ ಇಳಿಯುತ್ತಿದ್ದರೆ ಬರೀ ತುಂಬಿಸಿ ಸುಮ್ಮನಾಗಬೇಡ, ಎಲ್ಲಿ ಹೋಗುತ್ತಿದೆ ಅಂತ ಹುಡುಕು. ಆಯಿಲ್ ಇಲ್ಲವೆಂದು ಇಂಜಿನ್ ಆಯಿಲ್ ಹಾಕುವವರನ್ನು ಕಂಡಿದ್ದೇನೆ. ಅದು ಒಳಗಿನ ರಬ್ಬರನ್ನೆಲ್ಲ ಉಬ್ಬಿಸಿ ಹಾಳು ಮಾಡುತ್ತದೆ. ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಬರೆದಿರುತ್ತದೆ, ಅದನ್ನೇ ಹಾಕು. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 ಆಯಿಲ್ 205 ಡಿಗ್ರಿಗಿಂತ ಕೆಳಗೆ ಕುದಿಯಬಾರದು. ತೇವ ಕುಡಿದದ್ದು 140ರ ಆಸುಪಾಸಿನಲ್ಲೇ ಕುದಿಯಬಹುದು. ನಮ್ಮ ಬಯಲುಸೀಮೆಯಲ್ಲಿ ಅದರ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ಒಂದು ದಿನ ಬಾಡಿಗೆ ಕೊಂಕಣಕ್ಕೆ ಸಿಗುತ್ತದೆ. ವಿಜಾಪುರ-ಗುಹಾಗರ ರಸ್ತೆ ಹಿಡಿದು ಕರಾಡ ದಾಟಿದರೆ ಕುಂಭಾರ್ಲಿ ಘಾಟು. ಆ ಇಳಿತದಲ್ಲಿ ಬ್ರೇಕ್ ಕಾದು ಹಳೆಯ ಆಯಿಲ್ ಕುದಿದರೆ ಪೈಪಿನಲ್ಲಿ ಆವಿ ತುಂಬುತ್ತದೆ, ಪೆಡಲ್ ಒಮ್ಮೆಲೇ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸು, ಘಾಟಿನಲ್ಲಿ ಸಣ್ಣ ಗೇರಿನಲ್ಲಿ ಇಳಿ.

ಗಾಡಿ ತೊಳೆಯುವ ಮೊದಲು ಹಿಂದಿನ ಗಾಲಿಗಳ ಒಳಮೈ ನೋಡು. ನಮ್ಮ ನೆಲದ ಧೂಳು ಇಲ್ಲಿ ಉಪಕಾರಕ್ಕೆ ಬರುತ್ತದೆ. ಚಲೋ ಇರುವ ಗಾಲಿಯ ಒಳಗೆ ಧೂಳು ಒಣಗಿ ಬಿಳಿಚಿಕೊಂಡಿರುತ್ತದೆ, ಬೆರಳು ತಾಗಿದರೆ ಉದುರುತ್ತದೆ. ಬ್ರೇಕ್ ಸಿಲಿಂಡರ್ ಸೋರುವ ಗಾಲಿಯಲ್ಲಿ ಡ್ರಮ್ಮಿನ ಕೆಳಗಿನಿಂದ ಟೈರಿನವರೆಗೆ ಕಪ್ಪು ಒದ್ದೆ ಗೆರೆ ಇಳಿದಿರುತ್ತದೆ, ಅಲ್ಲಿ ಧೂಳು ಕೆಸರಿನಂತೆ ಮೆತ್ತಿರುತ್ತದೆ. ನನ್ನ ಜೀಪಿನಲ್ಲೂ ಆ ಗೆರೆ ಇತ್ತು. ನಾನು ವಾರವಾರ ನೀರು ಹೊಡೆದು ಅದನ್ನು ತೊಳೆದುಬಿಡುತ್ತಿದ್ದೆ. ಆ ಗೆರೆ ಕಂಡ ದಿನ ಗಾಡಿ ಹೊರಗೆ ತೆಗೆಯಬೇಡ, ಬಾಡಿಗೆ ಹೋದರೆ ಹೋಗಲಿ. ಮಿಸ್ತ್ರಿಯನ್ನು ಮನೆಗೆ ಕರೆಸು.

ಉಳಿದದ್ದು ಓಡಿಸುವಾಗ ತಿಳಿಯುತ್ತದೆ. ಕಿರ್ರೆಂದರೆ ಪ್ಯಾಡ್ ಸವೆದಿರಬಹುದು, ಕರಕರ ಅಂದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆ. ಒಂದು ಕಡೆಗೆ ಎಳೆದರೆ ಯಾವುದೋ ಗಾಲಿಯ ಬ್ರೇಕ್ ಹಿಡಿಯುತ್ತಿಲ್ಲ, ಇಲ್ಲವೇ ಬಿಡುತ್ತಿಲ್ಲ. ಬಿಡದ ಗಾಲಿ ಉಳಿದವಕ್ಕಿಂತ ಹೆಚ್ಚು ಕಾದಿರುತ್ತದೆ. ಕೈ ಹತ್ತಿರ ಒಯ್ದರೆ ಸಾಕು, ಮುಟ್ಟಬೇಡ. ಡ್ರಮ್ಮಿನ ಧೂಳನ್ನು ಬಾಯಿಂದ ಊದಬೇಡ, ಹಳೆಯ ಲೈನರಿನಲ್ಲಿ ಪುಪ್ಪುಸ ಕೆಡಿಸುವ ಕಲ್ನಾರು ಇರಬಹುದು. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ತಲೆ ಹಾಕಬೇಡ.

ಬಿಚ್ಚಿ ಜೋಡಿಸುವುದು ಮಿಸ್ತ್ರಿಯ ಕೆಲಸ. ಅವನ ಮುಂದೆ "ಬ್ರೇಕ್ ಸರಿ ಇಲ್ಲ" ಅಂತಷ್ಟೇ ಹೇಳಬೇಡ. "ಒತ್ತಿ ಹಿಡಿದರೆ ಇಳಿಯುತ್ತದೆ, ಎಡ ಹಿಂದಿನ ಗಾಲಿ ಒದ್ದೆ ಇದೆ" ಅಂತ ಹೇಳು. ಅವನು ನೇರ ಅಲ್ಲಿಗೇ ಕೈ ಹಾಕುತ್ತಾನೆ.

ಬರುವ ಅಮಾವಾಸ್ಯೆಗೆ ನಾನೂ ಉಮದಿಗೆ ಬರುತ್ತೇನೆ. ಮುಂಜಾನೆ ಗಾಡಿ ತೊಳೆಯದೆ ಹಾಗೇ ಇಟ್ಟಿರು. ನೀನು ಒಳಗೆ ಕೂತು ಪೆಡಲ್ ಒತ್ತು, ನಾನು ಹಿಂದಿನ ಗಾಲಿ ನೋಡುತ್ತೇನೆ.

ನಿನ್ನ ಅಣ್ಣ