ಪರದೆಯ ಮೇಲಿನ ಡಿಗ್ರಿಯನ್ನು ಪೂರ್ತಿ ನಂಬಬೇಡ

ಲ್ಯಾಬ್‌ಗೆ ಬಂದು ವಾರ ಆಗಿಲ್ಲ, ಆಗಲೇ ಮೈಕ್ರೋವೇವ್ ರಿಯಾಕ್ಟರ್ ಮೇಲೆ ನಿನ್ನ ಕಣ್ಣು ಬಿದ್ದಿದೆ. ಬೀಳದೆ ಇರುತ್ತದೆಯೇ! ಇಡೀ ದಿನ ರಿಫ್ಲಕ್ಸ್‌ಗಿಟ್ಟು ಕಾಯುವ ಕೆಲಸ ಕಾಫಿ ಕುಡಿದು ಬರುವಷ್ಟರಲ್ಲಿ ಮುಗಿಯುವುದಾದರೆ ಯಾರಿಗೆ ಬೇಡ? ಆದರೆ ಹೇಗೆ ಮುಗಿಯುತ್ತದೆ ಎಂದು ಮೊದಲು ಲೆಕ್ಕ ಹಾಕು. ಅದರಲ್ಲಿ ಮಾಯಮಂತ್ರ ಏನಿಲ್ಲ. 2.45 ಗಿಗಾಹರ್ಟ್ಸ್‌ನ ಆ ಅಲೆಗಳಿಗೆ ರಾಸಾಯನಿಕ ಬಂಧ ಮುರಿಯುವ ತಾಕತ್ತಿಲ್ಲ. ಅವು ಬಿಸಿ ಮಾಡುತ್ತವೆ, ಅಷ್ಟೆ. 10 ಡಿಗ್ರಿ ಸೆಲ್ಸಿಯಸ್ ಏರಿದರೆ ವೇಗ ಸುಮಾರು ಎರಡು ಪಟ್ಟು ಎಂಬ ಹಳೆಯ ಅಂದಾಜು ಹಿಡಿದರೆ, ಎಥನಾಲ್‌ನಲ್ಲಿ ಸುಮಾರು 80 ಡಿಗ್ರಿಗೆ ಎಂಟು ಗಂಟೆ ಬೇಡುವ ರಿಯಾಕ್ಷನ್ 160ಕ್ಕೆ ಎರಡು ನಿಮಿಷ. ಸರಿ, 78ಕ್ಕೇ ಕುದಿಯುವ ಎಥನಾಲ್ 160ರಲ್ಲಿ ದ್ರವವಾಗಿಯೇ ಉಳಿದದ್ದು ಹೇಗೆ? ಮುಚ್ಚಳ ಬಿಗಿದಿದೆ, ಒಳಗೆ 12 ಬಾರ್ ಆಸುಪಾಸು ಒತ್ತಡ ಕೂತಿದೆ. ಮನೆಯ ಕುಕ್ಕರ್ ಒಂದು ಬಾರ್ ಏರುವಷ್ಟರಲ್ಲಿ ಸೀಟಿ ಹೊಡೆದು ಹೇಳುತ್ತದೆ. ಈ ಪುಟ್ಟ ಗಾಜಿನ ವಯಲ್‌ಗೆ ಸೀಟಿ ಇಲ್ಲ.

ಅದಕ್ಕೇ ಪರದೆಯ ಮೇಲಿನ ಅಂಕಿ ಎಲ್ಲಿಂದ ಬಂತು ಎಂದು ತಿಳಿದಿರಬೇಕು. ಬಹುತೇಕ ಯಂತ್ರಗಳಲ್ಲಿ ಇನ್‌ಫ್ರಾರೆಡ್ ಸೆನ್ಸರ್ ನೋಡುವುದು ಗಾಜಿನ ಹೊರಮೈಯನ್ನು, ಒಳಗಿನ ದ್ರವವನ್ನಲ್ಲ. ರಿಯಾಕ್ಷನ್ ತಾನೇ ಶಾಖ ಬಿಡುವಂಥದ್ದಾದರೆ ಒಳಗೆ ಬಿಸಿ ಏರಿದ ಸುದ್ದಿ ಹೊರಗೆ ತಡವಾಗಿ ಮುಟ್ಟುತ್ತದೆ. ಬಿಸಿ ಮಾಡುತ್ತಲೇ ಹೊರಗಿನಿಂದ ಗಾಳಿ ಊದಿ ತಣಿಸುವ ಸೌಲಭ್ಯವಂತೂ ಇನ್ನೂ ಮೋಸಗಾರ: ಗಾಜು ತಣ್ಣಗಾದದ್ದು ಕಂಡು ಯಂತ್ರ ಮತ್ತಷ್ಟು ಪವರ್ ತುಂಬುತ್ತದೆ, ಒಳಗೆ ಹತ್ತಾರು ಡಿಗ್ರಿ ಹೆಚ್ಚು. ಫೈಬರ್ ಆಪ್ಟಿಕ್ ಪ್ರೋಬ್ ಇದ್ದರೆ ಹೊಸ ರಿಯಾಕ್ಷನ್‌ಗೆ ಅದನ್ನೇ ಕೇಳಿ ಪಡೆ. ವಯಲ್ ತೀರಾ ಕಡಿಮೆ ತುಂಬಿದರೂ ಸೆನ್ಸರ್ ಖಾಲಿ ಗಾಜನ್ನು ನೋಡುತ್ತ ಕೂರುತ್ತದೆ. ಗುರುತು ಮೀರಿ ತುಂಬಿದರೆ ಆವಿಗೆ ಜಾಗವಿಲ್ಲ. ಮ್ಯಾಗ್ನೆಟ್ ಹಾಕಿದರೆ ಸಾಲದು, ಅದು ತಿರುಗುತ್ತಿದೆಯೇ ನೋಡು.

ಪರದೆಯ ಮೇಲಿನ ಒತ್ತಡದ ಗೆರೆಯನ್ನು ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ಗಮನಿಸು. ತಾಪ ಒಂದೇ ಕಡೆ ನಿಂತಿದೆ, ಒತ್ತಡ ಮಾತ್ರ ಮೆಲ್ಲಗೆ ಏರುತ್ತಲೇ ಇದೆ ಎಂದರೆ ಅದು ಸಾಲ್ವೆಂಟ್ ಆವಿಯಲ್ಲ, ಎಲ್ಲೋ ಗ್ಯಾಸ್ ಹುಟ್ಟುತ್ತಿದೆ. ಆವಿಯಾದರೆ ತಣಿದಾಗ ಇಳಿಯುತ್ತದೆ, ಗ್ಯಾಸ್ ಪೂರ್ತಿ ಇಳಿಯುವುದಿಲ್ಲ. ಅಮೋನಿಯಂ ಫಾರ್ಮೇಟ್, ಕಾರ್ಬೊನೇಟ್ ಜೊತೆ ಆಮ್ಲ, ಡಿಕಾರ್ಬಾಕ್ಸಿಲೇಶನ್ ಆಗುವ ಯಾವುದೇ ಅಣು: ಇವು ಕಾಗದದ ಮೇಲೆಯೇ ನಿನಗೆ ಗೊತ್ತಾಗಬೇಕು. ಎಷ್ಟು ಮೋಲ್ ಗ್ಯಾಸ್, ಎಷ್ಟು ಜಾಗ, ಎಷ್ಟು ಬಾರ್ ಎಂಬ ಲೆಕ್ಕ ಪಿಯುಸಿಯಲ್ಲೇ ಕಲಿತದ್ದು. ಯಂತ್ರಕ್ಕೆ ಈ ಲೆಕ್ಕ ಬರುವುದಿಲ್ಲ, ನೀನು ಏನು ಹಾಕಿದ್ದೀಯ ಎಂಬುದೂ ಅದಕ್ಕೆ ತಿಳಿಯದು. ಓಡಿಸಿ ಮುಗಿದ ಮೇಲೆ 50 ಡಿಗ್ರಿಗಿಂತ ಕೆಳಗೆ ಇಳಿಯುವವರೆಗೆ ಕೈ ಹಾಕಬೇಡ. ಆಮೇಲೂ ವಯಲನ್ನು ಫ್ಯೂಮ್ ಹುಡ್‌ಗೆ ಒಯ್ದು, ಗಾಜಿನ ಬಾಗಿಲು ಇಳಿಸಿ, ಸೆಪ್ಟಂಗೆ ಸೂಜಿ ಚುಚ್ಚಿ ಗ್ಯಾಸ್ ಬಿಟ್ಟ ಮೇಲೆಯೇ ಮುಚ್ಚಳ ತೆಗೆ. ಚುಚ್ಚಿದ ಸೆಪ್ಟಂ ಇನ್ನೊಮ್ಮೆ ಬೇಡ.

ಅಜೈಡ್ ಹಾಕುವ ದಿನ ನನಗೊಂದು ಮಾತು ಹೇಳಿ ಹಾಕು. ಸೋಡಿಯಂ ಅಜೈಡ್ ಡೈಕ್ಲೋರೋಮೀಥೇನ್ ಜೊತೆ ಸೇರಿದರೆ ಡೈಅಜಿಡೋಮೀಥೇನ್ ಎಂಬ ಸ್ಫೋಟಕ ಹುಟ್ಟಬಹುದು. ವಯಲ್ ತೊಳೆದಾಗ ಉಳಿದ ಡೈಕ್ಲೋರೋಮೀಥೇನ್ ಕೂಡ ಲೆಕ್ಕಕ್ಕೆ ಬರುತ್ತದೆ. ಪೆಲೇಡಿಯಂ ಇದ್ದಿಲಿನ ಪುಡಿ ದ್ರವದ ಮೇಲ್ಭಾಗದ ಗಾಜಿಗೆ ಅಂಟಿದ್ದರೆ ಆ ಕಪ್ಪು ಚುಕ್ಕೆಯೇ ಕಾದು ಗಾಜನ್ನು ಕರಗಿಸಬಲ್ಲದು; ಸಾಲ್ವೆಂಟ್‌ನಿಂದ ಕೆಳಗಿಳಿಸಿ ನಂತರ ಮುಚ್ಚು. ವಯಲನ್ನು ಬೆಳಕಿಗೆ ಹಿಡಿ, ಗೀರು ಕಂಡರೆ ಬಿಸಾಡು. ಹೊಸ ವಯಲ್ ತರಿಸಲು ಗೈಡ್ ಗೊಣಗಿದರೆ ನಾನು ಮಾತಾಡುತ್ತೇನೆ.

1986ರಲ್ಲಿ ಎರಡು ತಂಡಗಳು ಈ ಮೈಕ್ರೋವೇವ್ ವಿಧಾನವನ್ನು ‘ಟೆಟ್ರಾಹೆಡ್ರನ್ ಲೆಟರ್ಸ್’ನಲ್ಲಿ ಮೊದಲು ಪ್ರಕಟಿಸಿದಾಗ ಬಳಸಿದ್ದು ಅಡುಗೆಮನೆಯ ಓವನ್ನನ್ನೇ. ಅದನ್ನು ಓದಿ ನಿನಗೂ ಆಸೆ ಹುಟ್ಟಿದರೆ ಅಲ್ಲಿಗೇ ಬಿಡು. ಆ ಓವನ್‌ನಲ್ಲಿ ಒತ್ತಡ ಅಳೆಯುವುದೂ ಇಲ್ಲ, ಕಲಕುವುದೂ ಇಲ್ಲ.

ಹೊಸದೇನನ್ನೇ ಆಗಲಿ ಹತ್ತನೇ ಒಂದು ಪಾಲಿನಲ್ಲಿ, ಕಡಿಮೆ ಡಿಗ್ರಿಯಲ್ಲಿ, ಕಡಿಮೆ ಪವರ್‌ನಲ್ಲಿ ಶುರು ಮಾಡು. ಗೆರೆ ನೋಡಿ ಮೇಲೇರಿಸು. ಸಂಜೆ ಆರಕ್ಕೆ ಹಾಕಿ ಹಾಸ್ಟೆಲ್ ಬಸ್ಸಿಗೆ ಓಡುವುದು ಹಳೆಯ ರಿಯಾಕ್ಷನ್‌ಗೂ ಬೇಡ. ಹೊಸದನ್ನು ಬೆಳಿಗ್ಗೆ, ಪಕ್ಕದ ಬೆಂಚಿನಲ್ಲಿ ಯಾರಾದರೂ ಇರುವಾಗ ಹಾಕು.