ಇಪ್ಪತ್ತೆರಡರ ಮಗ್ಗಿ

ದುಬೈಯ ಕರಾಮಾದಲ್ಲಿ ನಾವಿದ್ದ ಕಟ್ಟಡದ ಕೆಳಗೊಂದು ಕೆಫೆಟೇರಿಯಾ ಇತ್ತು. ಕಡಕ್ ಚಹಾಕ್ಕೆ ಒಂದು ದಿರ್ಹಾಮ್. ಹದಿನೇಳು ವರ್ಷದಲ್ಲಿ ಅಲ್ಲಿ ನಾನು ಕುಡಿದ ಚಹಾ ಹೆಚ್ಚೆಂದರೆ ಇನ್ನೂರು ಇದ್ದೀತು. ಆಸೆ ದಿನವೂ ಆಗುತ್ತಿತ್ತು. ಆದರೆ ಲೋಟ ಕೈಗೆ ಬರುವ ಮೊದಲೇ ತಲೆಯೊಳಗೆ ಗುಣಾಕಾರ ಮುಗಿದಿರುತ್ತಿತ್ತು. 2006ರಲ್ಲಿ ನಾನು ಹೋದಾಗ ದಿರ್ಹಾಮಿಗೆ ಹನ್ನೆರಡು ರೂಪಾಯಿ ಚಿಲ್ಲರೆ. ಊರಲ್ಲಿ ಮೂರು ರೂಪಾಯಿಗೆ ಸಿಗುವ ಚಹಾಕ್ಕೆ ಹನ್ನೆರಡು ಕೊಡುವುದೆಂದರೆ ಹೊಟ್ಟೆಗಿಂತ ಮೊದಲು ಎದೆ ಉರಿಯುತ್ತಿತ್ತು. 2023ರಲ್ಲಿ ಗಂಟುಮೂಟೆ ಕಟ್ಟುವಾಗ ಅದೇ ದಿರ್ಹಾಮ್ ಇಪ್ಪತ್ತೆರಡೂವರೆ ಆಗಿತ್ತು.

ಗಲ್ಫಿಗೆ ಹೋದವರೆಲ್ಲ ಮೊದಲು ಕಲಿಯುವುದು ಈ ಮಗ್ಗಿ. ದಿರ್ಹಾಮನ್ನು ಡಾಲರಿಗೆ 3.6725ರಂತೆ ಕಟ್ಟಿಹಾಕಿದ್ದಾರೆ, 1997ರಿಂದ ಆ ಗಂಟು ಸಡಿಲವಾಗಿಲ್ಲ. ಏರಿಳಿಯುವುದು ನಮ್ಮ ರೂಪಾಯಿ ಮಾತ್ರ. 2013ರ ಆಗಸ್ಟ್‌ನಲ್ಲಿ ಡಾಲರ್ 68 ರೂಪಾಯಿ ದಾಟಿದಾಗ ದಿರ್ಹಾಮ್ ಹದಿನೆಂಟೂವರೆಗೆ ಹಾರಿತು. ಎಕ್ಸ್‌ಚೇಂಜ್ ಅಂಗಡಿಗಳ ಮುಂದೆ ಸಂಬಳದ ದಿನವಲ್ಲದಿದ್ದರೂ ಸಾಲು. ನಮ್ಮ ರೂಮಿನವನೊಬ್ಬ ಕ್ರೆಡಿಟ್ ಕಾರ್ಡಿನಲ್ಲಿ ಸಾಲ ಎತ್ತಿ ಊರಿಗೆ ಕಳಿಸಿದ, ಆಮೇಲೆ ಒಂದೂವರೆ ವರ್ಷ ಅದರ ಬಡ್ಡಿ ಕಟ್ಟಿದ. ನಮ್ಮದೇ ದೇಶದ ದುಡ್ಡು ಬಿದ್ದದ್ದಕ್ಕೆ ಬಿರಿಯಾನಿ ಮಾಡಿ ಹಂಚಿದ ಜನ ನಾವು.

ಆ ಮಗ್ಗಿಯೇ ನನ್ನನ್ನು ಕಾಯ್ದದ್ದು ಅಂತ ಈಗ ಅನಿಸುತ್ತದೆ. ನಾನೇನು ಮಿತವ್ಯಯದ ಮನುಷ್ಯನಲ್ಲ. ಯಾವುದನ್ನು ಮುಟ್ಟಿದರೂ ಇಪ್ಪತ್ತೆರಡು ಪಟ್ಟು ದೊಡ್ಡದಾಗಿ ಕಾಣುವ ಕನ್ನಡಕ ಹಾಕಿಕೊಂಡಿದ್ದೆ, ಅಷ್ಟೆ.

ಎರಡು ಬೆಡ್‌ರೂಮಿನ ಆ ಫ್ಲ್ಯಾಟಿನಲ್ಲಿ ಆರು ಜನ ಇದ್ದೆವು. ಬಾಡಿಗೆ ವರ್ಷದ ಲೆಕ್ಕ. ಮುಂದಿನ ತಾರೀಖು ಹಾಕಿದ ನಾಲ್ಕು ಚೆಕ್ ಮೊದಲೇ ಬರೆದುಕೊಡಬೇಕು. ಅಡುಗೆ ಪಾಳಿಯ ಮೇಲೆ. ಕುಂದಾಪುರದ ಇಬ್ಬರು, ಬಂಟ್ವಾಳದ ಒಬ್ಬ, ಕಾಸರಗೋಡಿನ ಇಬ್ಬರು, ಭಟ್ಕಳದ ಒಬ್ಬ. ಸಾರಿಗೆ ಕೊತ್ತಂಬರಿ ಹುರಿಯಬೇಕೋ ಬೇಡವೋ ಅನ್ನುವುದರ ಮೇಲೆ ಎರಡು ದಿನ ಮಾತು ಬಿಟ್ಟದ್ದೂ ಉಂಟು. ನನ್ನ ಪಾಳಿ ಮಂಗಳವಾರ ಮತ್ತು ಶುಕ್ರವಾರ. ಮಂಗಳೂರಿನ ವಿಮಾನ ಇಳಿದ ಯಾರ ಪೆಟ್ಟಿಗೆಯಲ್ಲಾದರೂ ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಇದ್ದೇ ಇರುತ್ತಿತ್ತು. ಬೂತಾಯಿ ಅಲ್ಲಿ ಅಗ್ಗ, ಎಷ್ಟು ಬೇಕಾದರೂ ಸಿಗುತ್ತಿತ್ತು. ಆರು ಜನರ ಅಡುಗೆ ಮನೆಯ ಖರ್ಚು ತಲೆಗೆ 300 ದಿರ್ಹಾಮ್ ದಾಟಿದರೆ ಆ ತಿಂಗಳು ಪಂಚಾಯಿತಿ ಕೂರುತ್ತಿತ್ತು. 2018ರಲ್ಲಿ ಅಲ್ಲಿ ಶೇ 5ರ ವ್ಯಾಟ್ ಬಂದ ತಿಂಗಳಂತೂ ಬಿಲ್ಲುಗಳನ್ನು ಗೋಡೆಗೆ ಅಂಟಿಸಿ ಚರ್ಚಿಸಿದೆವು. ಆರರಲ್ಲಿ ಮೂವರು ಅಕೌಂಟೆಂಟರು. ಹಾಗಾಗಿ ಚರ್ಚೆ ಮುಗಿಯುತ್ತಲೂ ಇರಲಿಲ್ಲ.

ಊರಿಗೆ ಬಂದ ಮೇಲೆ ಆದದ್ದು ಇಷ್ಟು: ಕನ್ನಡಕ ತಿರುವುಮುರುವಾಯಿತು. ಗುಣಿಸುತ್ತಿದ್ದವನು ಭಾಗಿಸತೊಡಗಿದೆ.

ಕುಂದಾಪುರ ಪೇಟೆಯಲ್ಲಿ ಚಹಾಕ್ಕೆ ಹದಿನೈದು ರೂಪಾಯಿ. ಒಂದು ದಿರ್ಹಾಮೂ ಆಗಲಿಲ್ಲವಲ್ಲ! ಐದು ಜನಕ್ಕೆ ನಾನೇ ಕೊಟ್ಟೆ. ಉಡುಪಿಗೆ ಬಾಡಿಗೆ ಕಾರಿನಲ್ಲಿ ಹೋಗಿಬಂದೆ: ನೂರು ದಿರ್ಹಾಮ್. ಹೋಟೆಲಿನಲ್ಲಿ ನಾಲ್ಕು ಜನ ಮೀನೂಟ ಮಾಡಿ ಕೊನೆಗೆ ಗಡ್‌ಬಡ್ ಐಸ್‌ಕ್ರೀಮ್ ತಿಂದೆವು: ಅರುವತ್ತು ದಿರ್ಹಾಮ್. ಇದಕ್ಕೆಲ್ಲ ಕಿರೀಟವಿಟ್ಟದ್ದು ಅಡುಗೆ ಮನೆ. ಮಾಡ್ಯುಲರ್ ಕಿಚನ್ ಮಾಡುವವನು ನಾಲ್ಕೂವರೆ ಲಕ್ಷದ ಕೊಟೇಶನ್ ಕೊಟ್ಟಾಗ ನಾನು ಮನಸ್ಸಿನಲ್ಲೇ ಭಾಗಿಸಿ ‘ಇಪ್ಪತ್ತು ಸಾವಿರವೇ’ ಅಂದುಕೊಂಡು ಹೂಂ ಎಂದೆ. ಇಪ್ಪತ್ತು ಸಾವಿರ ದಿರ್ಹಾಮ್ ಕೂಡಿಡಲು ನನಗೆ ಹಿಡಿದದ್ದು ಎಷ್ಟು ತಿಂಗಳು ಎಂಬುದು ಆಗ ನೆನಪಾಗಲೇ ಇಲ್ಲ. ಈ ಭಾಗಾಕಾರದ ಗುಟ್ಟೇ ಅದು. ಉತ್ತರ ಚಿಕ್ಕದಾಗಿ ಬರುತ್ತದೆ, ಆದರೆ ದಿರ್ಹಾಮ್ ಬರುವ ನಲ್ಲಿ ಬಂದಾಗಿರುತ್ತದೆ.

ಚಿಮಣಿ, ಎಳೆದರೆ ಸದ್ದಿಲ್ಲದೆ ಮುಚ್ಚುವ ಡ್ರಾಯರು, ಕರಿ ಗ್ರಾನೈಟು ಎಲ್ಲ ಬಂತು. ಅಮ್ಮ ಒಮ್ಮೆ ಒಳಗೆ ಹೋಗಿ ನೋಡಿ ಬಂದವರು ಹಿಂದಿನ ಹಳೆ ಅಡುಗೆ ಕೋಣೆಯಲ್ಲೇ ಗಂಜಿಗಿಟ್ಟರು. ಕಡೆವ ಕಲ್ಲು, ಸೌದೆ ಒಲೆ, ಬಾಗಿಲಾಚೆ ಬಸಳೆ ಚಪ್ಪರ ಇರುವುದು ಅಲ್ಲಿ. ಹೆಂಡತಿಯೂ ನಿಧಾನಕ್ಕೆ ಅಲ್ಲಿಗೇ ಸರಿದಳು. ಮೀನು ಸವರಿದ ನೀರು ಗ್ರಾನೈಟಿನ ಮೇಲೆ ಚೆಲ್ಲಿದರೆ ಒರೆಸಿಕೊಂಡೇ ಇರಬೇಕಂತೆ. ನಮ್ಮ ಕರಾವಳಿಯ ಗಲ್ಫ್ ಮನೆಗಳನ್ನು ಒಮ್ಮೆ ನೋಡಿ, ಮುಂದಿನದು ನೆಂಟರಿಗೆ ತೋರಿಸುವ ಅಡುಗೆ ಮನೆ, ಅಡುಗೆಯಾಗುವುದು ಹಿಂದೆ.

ಆರು ತಿಂಗಳಾದ ಮೇಲೆ ಒಂದು ರಾತ್ರಿ ಪಾಸ್‌ಬುಕ್ಕು ಹರಡಿಕೊಂಡು ಕೂತೆ. ಕಿಚನ್ನಿನದು ಬಿಟ್ಟು ತಿಂಗಳಿಗೆ ಸರಾಸರಿ 78,000 ರೂಪಾಯಿ ಹೋಗಿತ್ತು. ಮಗನ ಕಾಲೇಜು ಫೀಸು ಅದರಲ್ಲಿಲ್ಲ. ಕೈಗಡ ಅಂತ ಕೊಟ್ಟದ್ದು 2 ಲಕ್ಷ 40 ಸಾವಿರ ಬೇರೆ. ಅದರಲ್ಲಿ ಇಂದಿನವರೆಗೆ ಮರಳಿದ್ದು 35 ಸಾವಿರ. ಅಮ್ಮ ಲೆಕ್ಕ ಕೇಳಲಿಲ್ಲ. ನಾನು ಮತ್ತೊಂದು ಭಾನುವಾರ ಹೋಟೆಲಿಗೆ ಹೊರಡಿಸಿದಾಗ ಮಾತ್ರ ಜಗಲಿಯಲ್ಲಿ ಕೂತಲ್ಲಿಂದಲೇ ಕೇಳಿದರು: “ನೀನ್ ಮನಿಗ್ ಬಂದದ್ದಾ ಮಗಾ, ನೆಂಟ್ರ್ ಮನಿಗ್ ಬಂದದ್ದಾ?”

ಹದಿನೇಳು ವರ್ಷ ನನಗೆ ಗೊತ್ತಿದ್ದ ಊರು ಅಂದರೆ ವರ್ಷಕ್ಕೊಂದು ತಿಂಗಳ ಊರು. ಆ ಒಂದು ತಿಂಗಳು ಕೈ ಬಿಚ್ಚಿ ಖರ್ಚು ಮಾಡುವುದು ವಾಡಿಕೆ, ಅದಕ್ಕೆಂದೇ ಹನ್ನೊಂದು ತಿಂಗಳು ಕೂಡಿಡುವುದು. ಊರಲ್ಲಿ ದಿನಸಿ ತಂದು, ಕರೆಂಟ್ ಬಿಲ್ ಕಟ್ಟಿ, ತಿಂಗಳು ದಾಟಿಸುವ ಕಲೆ ನನಗೆ ಬರುತ್ತಲೇ ಇರಲಿಲ್ಲ. ಅದನ್ನು ಮಾಡುತ್ತಿದ್ದವಳು ಹೆಂಡತಿ. ನಾನು ಕಳಿಸಿದ್ದರಲ್ಲಿ ಆಕೆ ಮೂವರನ್ನು 24 ಸಾವಿರದಲ್ಲಿ ನಡೆಸುತ್ತಿದ್ದಳು ಎಂದು ಆ ರಾತ್ರಿಯೇ ನನಗೆ ತಿಳಿದದ್ದು. ಮನೆಗೆ ಬಂದದ್ದು ನಾನೊಬ್ಬ. ಹೆಚ್ಚಿದ್ದು 54 ಸಾವಿರ. ದುಬೈಯಲ್ಲಿ ಇನ್ನೊಬ್ಬರ ಕಂಪನಿಯ ಲೆಕ್ಕ ಬರೆದು ಹೊಟ್ಟೆ ಹೊರೆದವನಿಗೆ ಇದಕ್ಕಿಂತ ನಾಚಿಕೆ ಬೇಕೇ?

ಹಿಂದಿರುಗುವ ಯೋಚನೆಯಲ್ಲಿರುವವರು ಕಾಗದಪತ್ರದ ವಿಷಯವನ್ನೂ ಕೇಳುತ್ತಿರುತ್ತಾರೆ. ನಾನು ಎಡವಿದ ಜಾಗಗಳನ್ನು ಹೇಳಿಬಿಡುತ್ತೇನೆ.

ಗ್ರಾಚ್ಯುಟಿ ದೊಡ್ಡ ಗಂಟು ಅಂತ ತಿಳಿದಿದ್ದೆ. ಅಲ್ಲಿನ ಕಾನೂನಿನಂತೆ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ, ಆಮೇಲೆ ವರ್ಷಕ್ಕೆ 30 ದಿನದ ಸಂಬಳ. ನನ್ನ ಹದಿನೇಳು ವರ್ಷಕ್ಕೆ 465 ದಿನ. ಆದರೆ ಲೆಕ್ಕ ಹಿಡಿಯುವುದು ಮೂಲ ವೇತನದ ಮೇಲೆ. ಮನೆ ಬಾಡಿಗೆ, ಸಾರಿಗೆ ಭತ್ಯೆ ಸೇರುವುದಿಲ್ಲ. ಕೈಗೆ 9,000 ದಿರ್ಹಾಮ್ ಬರುತ್ತಿದ್ದರೂ ನನ್ನ ಮೂಲ ವೇತನ 5,000. ಸಿಕ್ಕಿದ್ದು 77,500 ದಿರ್ಹಾಮ್, ಅಂದರೆ ಸುಮಾರು ಹದಿನೇಳೂವರೆ ಲಕ್ಷ. ನಾನು ಮನಸ್ಸಿನಲ್ಲಿ ಮೂವತ್ತು ಅಂದುಕೊಂಡು ಮನೆಗೆ ಎರಡನೇ ಮಹಡಿ ಏರಿಸಿದ್ದೆ! ಸಂಬಳ ಹೆಚ್ಚಿಸುವಾಗ ಕಂಪನಿಗಳು ಭತ್ಯೆಯನ್ನೇ ಏಕೆ ಹೆಚ್ಚಿಸುತ್ತವೆ ಎಂಬುದು ಕೊನೆಗೆ ತಿಳಿಯುವ ಪಾಠ.

ಇನ್ನು ಅನಿವಾಸಿಗಳ ಎನ್‌ಆರ್‌ಇ ಠೇವಣಿ. ಅದರ ಬಡ್ಡಿಗೆ ತೆರಿಗೆಯಿಲ್ಲ ಎಂದೇ ನಾವೆಲ್ಲ ಅದರಲ್ಲಿಡುವುದು. ಆದರೆ ಆ ವಿನಾಯಿತಿ ಇರುವುದು ನೀವು ವಿದೇಶೀ ವಿನಿಮಯ ಕಾನೂನಿನ ಪ್ರಕಾರ ಹೊರಗೆ ನೆಲೆಸಿದವರಾಗಿರುವವರೆಗೆ. ಖಾಯಮ್ಮಾಗಿ ಮರಳಿದಿರೋ, ಬ್ಯಾಂಕಿಗೆ ತಿಳಿಸಿ ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಿಸಬೇಕು, ಬಡ್ಡಿಗೆ ತೆರಿಗೆ ಕಟ್ಟಬೇಕು. ನಾನು ನಾಲ್ಕು ತಿಂಗಳು ಸುಮ್ಮನಿದ್ದೆ. ಪೇಟೆಯಲ್ಲಿ ಯಾರೋ ‘ಆರ್‌ಎನ್‌ಒಆರ್ ಅಂತ ಒಂದುಂಟು, ಎರಡು ಮೂರು ವರ್ಷ ಏನೂ ಕಟ್ಟುವುದು ಬೇಡ’ ಅಂದಿದ್ದರು. ಹಿಂದಿನ ಹತ್ತರಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದವರಿಗೆ ‘ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ’ ಎಂಬ ಆ ಸ್ಥಾನಮಾನ ಸಿಗುವುದು ನಿಜ. ಆದರೆ ಅದು ಕಾಯುವುದು ವಿದೇಶದಲ್ಲಿ ಹುಟ್ಟಿದ ಆದಾಯವನ್ನು. ಕುಂದಾಪುರದ ಬ್ಯಾಂಕಿನಲ್ಲಿ ಹುಟ್ಟಿದ ಬಡ್ಡಿ ವಿದೇಶದ್ದಾಗುವುದು ಹೇಗೆ? ಅದೇ ದುಡ್ಡು ವಿದೇಶೀ ಕರೆನ್ಸಿಯ ಎಫ್‌ಸಿಎನ್‌ಆರ್ ಠೇವಣಿಯಲ್ಲಿ ಇದ್ದಿದ್ದರೆ ಅವಧಿ ಮುಗಿಯುವವರೆಗೆ ಹಾಗೆಯೇ ಇಟ್ಟುಕೊಳ್ಳಬಹುದಿತ್ತು, ಆರ್‌ಎನ್‌ಒಆರ್ ಇರುವಷ್ಟು ಕಾಲ ಅದರ ಬಡ್ಡಿಗೆ ತೆರಿಗೆಯೂ ಬೀಳುತ್ತಿರಲಿಲ್ಲ. ಹೊರಡುವ ಮೊದಲು ಒಬ್ಬ ಲೆಕ್ಕ ಪರಿಶೋಧಕರ ಬಳಿ ಒಂದು ಗಂಟೆ ಕೂತಿದ್ದರೆ ಸಾಕಿತ್ತು. ಆ ಫೀಸನ್ನೂ ನಾನು ಇಪ್ಪತ್ತೆರಡರಿಂದ ಭಾಗಿಸಬಹುದಿತ್ತಲ್ಲ, ಅಲ್ಲಿ ಮಾತ್ರ ಪೂರ್ತಿ ರೂಪಾಯಿಯಾಗಿ ಕಂಡಿತು.

ಮೂರನೆಯದು ಆರೋಗ್ಯ ವಿಮೆ. ದುಬೈಯಲ್ಲಿ ಅದು ಕಂಪನಿಯ ತಲೆನೋವು. ವೀಸಾ ರದ್ದಾದ ದಿನ ಅದೂ ಹೋಯಿತು. ಇಲ್ಲಿ ಬಂದು ಐವತ್ತೊಂದರ ವಯಸ್ಸಿನಲ್ಲಿ, ಬಿಪಿ ಮಾತ್ರೆ ನುಂಗುತ್ತ ಅರ್ಜಿ ಹಾಕಿದರೆ ಮೊದಲಿದ್ದ ಕಾಯಿಲೆಗೆ ಕಾಯುವ ಅವಧಿ ಅಂದರು. ವಿಮಾ ನಿಯಂತ್ರಕ ಐಆರ್‌ಡಿಎಐ 2024ರಲ್ಲಿ ಆ ಅವಧಿಯ ಮಿತಿಯನ್ನು ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ವಿಮೆಯ ಕಂತಿನ ಮೇಲಿದ್ದ ಶೇ 18ರ ಜಿಎಸ್‌ಟಿಯೂ ಹೋಯಿತು. ಎರಡೂ ಒಳ್ಳೆಯದೇ. ಆದರೂ ಅಲ್ಲಿರುವಾಗಲೇ, ಮರಳುವ ಮೂರು ವರ್ಷ ಮುಂಚೆ, ಇಲ್ಲಿನ ಪಾಲಿಸಿ ಮಾಡಿಸಿದ್ದ ನಮ್ಮ ರೂಮಿನ ಭಟ್ಕಳದವನನ್ನು ನೆನೆದಾಗ ಹೊಟ್ಟೆಕಿಚ್ಚಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ನಾನು ಸರಿಹೋದದ್ದು ಬ್ಯಾಂಕಿನಲ್ಲಿ ಅಲ್ಲ, ಹಿಂದಿನ ಅಡುಗೆ ಕೋಣೆಯಲ್ಲಿ. ಮಂಗಳವಾರ ಮತ್ತು ಶುಕ್ರವಾರದ ಪಾಳಿಯನ್ನು ಮತ್ತೆ ಹಿಡಿದೆ. ಗಂಡಸು ಒಲೆ ಮುಂದೆ ಕೂತದ್ದು ಅಮ್ಮನಿಗೆ ಮೊದಲು ಕಸಿವಿಸಿ, ಮೀನು ಸಾರಿನ ರುಚಿ ನೋಡಿದ ಮೇಲೆ ‘ಹುಳಿ ಕಡಿಮೆ’ ಅನ್ನುವಷ್ಟು ಸಮಾಧಾನ. ಮನೆ ಅಡುಗೆ ಅಗ್ಗ ಅಂತ ಅಂಕಣಕಾರರು ಬರೆಯುವಾಗ ಅರೆಯುವ, ಹೆಚ್ಚುವ, ಪಾತ್ರೆ ತಿಕ್ಕುವ ಕೈಯ ಕೂಲಿಯನ್ನು ಬಿಟ್ಟುಬಿಡುತ್ತಾರೆ. ಆ ಕೈ ಹೆಚ್ಚಾಗಿ ಹೆಂಗಸರದ್ದಾದ್ದರಿಂದ ಯಾರೂ ಕೇಳುವುದಿಲ್ಲ. ಎರಡು ದಿನ ನಾನೇ ಮಾಡತೊಡಗಿದ ಮೇಲೆ ತಿಳಿಯಿತು, ವಾರವೂ ಹೋಟೆಲಿಗೆ ಹೋಗೋಣ ಎಂದಾಗ ಹೆಂಡತಿ ಬೇಡವೆನ್ನದೆ ಇದ್ದದ್ದು ಗಡ್‌ಬಡ್ ಆಸೆಗಲ್ಲ, ಒಂದು ಹೊತ್ತಿನ ಬಿಡುವಿಗೆ.

ಒಲೆಯ ಮುಂದೆ ಕೂತವನಿಗೆ ದಿರ್ಹಾಮ್ ಮರೆಯುತ್ತದೆ. 2025ರಲ್ಲಿ ತೆಂಗಿನಕಾಯಿ ನಮ್ಮ ಅಂಗಡಿಯಲ್ಲಿ ಕಿಲೋಗೆ 60 ರೂಪಾಯಿ ದಾಟಿದಾಗ ಅದು ಎರಡೂವರೆ ದಿರ್ಹಾಮ್ ಅಂತ ನನಗೆ ಹೊಳೆಯಲೇ ಇಲ್ಲ. ಕಳೆದ ವರ್ಷ ಅರ್ಧ ಬೆಲೆಗೆ ಸಿಗುತ್ತಿತ್ತಲ್ಲ ಅಂತಲೇ ಹೊಳೆದದ್ದು. ದಿನಕ್ಕೊಂದು ಕಾಯಿ ಒಡೆಯುವ ಮನೆಯಲ್ಲಿ ವಾರಕ್ಕೆರಡು ದಿನ ಬೇಳೆ ಸಾರು, ಒಂದು ದಿನ ಮಜ್ಜಿಗೆಯ ತಂಬುಳಿ ಬಂದು ಕೂತವು. ತರಕಾರಿ ಬಂದದ್ದು ಬಸಳೆ ಚಪ್ಪರದಿಂದ, ಮಂಗಳೂರು ಸೌತೆ ಮಾಡಿಗೆ ಕಟ್ಟಿದಲ್ಲಿಂದ, ಹಲಸಿನ ಬೀಜ ಮಣ್ಣು ಮೆತ್ತಿ ಇಟ್ಟಲ್ಲಿಂದ. ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ 61 ದಿನ ಯಾಂತ್ರಿಕ ದೋಣಿ ಕಡಲಿಗಿಳಿಯುವಂತಿಲ್ಲ. ಆಗ ಮೀನಿನ ಬೆಲೆಗೆ ಕಣ್ಣು ಕತ್ತಲಿಡುತ್ತದೆ. ಏಪ್ರಿಲ್‌ನಲ್ಲೇ ಒಣ ಮೀನು ತಂದಿಡುವ ಅಮ್ಮನ ಪದ್ಧತಿ ನನಗೆ ಹಿಂದೆ ಬರೀ ವಾಸನೆಯ ವಿಷಯವಾಗಿತ್ತು.

ಈಗ ಗೇರುಬೀಜದ ಕಾರ್ಖಾನೆಯೊಂದಕ್ಕೆ ಬೆಳಗ್ಗೆ ನಾಲ್ಕು ಗಂಟೆ ಹೊತ್ತು ಲೆಕ್ಕ ಬರೆಯಲು ಹೋಗುತ್ತೇನೆ, 18,000 ಕೊಡುತ್ತಾರೆ. ನಾಲ್ವರ ಮನೆಖರ್ಚು 35 ಸಾವಿರದ ಆಸುಪಾಸಿನಲ್ಲಿ ನಿಂತಿದೆ. ಹೆಂಡತಿಯ 24 ಸಾವಿರ ಇನ್ನೂ ನನಗೆ ಸಾಧ್ಯವಾಗಿಲ್ಲ. ಬೆಲೆ ಏರಿದೆ ಅಂತ ನಾನು, ನೀವು ಚಹಾ ಜಾಸ್ತಿ ಕುಡಿಯುತ್ತೀರಿ ಅಂತ ಅವಳು.

ಬಂದ ಹೊಸತರಲ್ಲಿ ಮನೆ ಬಾಗಿಲಿಗೆ ಬುಟ್ಟಿ ತರುವ ಮೀನಿನ ಅಕ್ಕ ಬಂಗುಡೆಗೆ ಹೇಳಿದ್ದೇ ಬೆಲೆ, ನಾನು ಕೊಟ್ಟದ್ದೇ ದುಡ್ಡು. ಒಮ್ಮೆ ಚೌಕಾಸಿಗೆ ಇಳಿದಾಗ, “ದುಬೈಯಿಂದ ಬಂದವ್ರೂ ಚೌಕಾಸಿ ಮಾಡೂದಾ?” ಅಂತ ನಕ್ಕಿದ್ದರು. ಮೊನ್ನೆ ಡಿಸೆಂಬರಿನಲ್ಲಿ ನಮ್ಮ ಗೇಟಿನ ಬಳಿ ಬುಟ್ಟಿ ಇಳಿಸಿದ್ದಾಗ ಬಾಡಿಗೆ ಕಾರೊಂದು ನಿಂತಿತು. ರಜೆಗೆ ಬಂದವನಿರಬೇಕು, ಸೆಂಟಿನ ವಾಸನೆ ಬುಟ್ಟಿಯ ವಾಸನೆಯನ್ನೂ ಮೀರಿ ಬಂತು. ಬಂಗುಡೆ ಕಿಲೋಗೆ ನಾನೂರು ಅಂದರು ಅಕ್ಕ. ಅವನು ಒಂದು ಕ್ಷಣ ಕಣ್ಣು ಮೇಲೆ ಮಾಡಿ, ತುಟಿ ಅಲ್ಲಾಡಿಸಿ, ಎರಡು ಕಿಲೋ ಕಟ್ಟಿಸಿಕೊಂಡು ಹೋದ. ಆ ತುಟಿ ಏನು ಲೆಕ್ಕ ಮಾಡಿತು ಅಂತ ನನಗೆ ಚೆನ್ನಾಗಿ ಗೊತ್ತು.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಅಕ್ಕ ತಕ್ಕಡಿ ನನ್ನ ಕಡೆ ತಿರುಗಿಸಿದರು. “ನಿಮ್ಗೆ ಇನ್ನೂರ ಅರವತ್ತು” ಅಂದರು. ನಾನು ಇನ್ನೂರ ನಲವತ್ತಕ್ಕೆ ಕೇಳಿದೆ.